ಓಲೆಗೆ ಊಟ ಆತೇನ್ರಿ?

ಬ್ಲೀಚಿಂಗ್ ಪೌಡರಿನ ವಾಸನೆಯನ್ನು ಯಾರೂ ಪರಿಮಳ ಎಂದು ಕರೆಯುವುದಿಲ್ಲ. ಕಸ್ತೂರಿ ವಾಲೀಕಾರಳಿಗೆ ಮಾತ್ರ ಅದು ಅಪ್ಪನ ವಾಸನೆ. ಬನ್ನಿಗೇರಿಯ ನೀರಿನ ಟ್ಯಾಂಕಿಗೆ ಪುಡಿ ಕದಡಿ, ವಾಲ್ವ್ ತಿರುಗಿಸುತ್ತ ಓಣಿ ಓಣಿ ಅಲೆದು, ಮಧ್ಯಾಹ್ನ ಮನೆಗೆ ಬಂದ ಯಲ್ಲಪ್ಪ ಅಂಗಿಯನ್ನು ಗೂಟಕ್ಕೆ ಹಾಕಿದರೆ ಸಾಕು, ಮೂಗು ಚುರುಗುಟ್ಟಿಸುವ ಆ ವಾಸನೆ ಒದ್ದೆ ಕಬ್ಬಿಣದ ವಾಸನೆಯೊಂದಿಗೆ ಬೆರೆತು ಪಡಸಾಲೆಯ ತುಂಬ ಹರಡುತ್ತಿತ್ತು. ಐದು ವರ್ಷದ ಕಸ್ತೂರಿ ಆ ಅಂಗಿಯ ತೋಳಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದಳು. "ಹುಚ್ಚವ್ವ, ಅದೇನ ಮಲ್ಲಿಗಿ ಹೂವೇನ?" ಎಂದು ಅವ್ವ ನಗುತ್ತಿದ್ದಳು.

ಯಲ್ಲಪ್ಪನ ಜೊತೆ ಅವಳೂ ಎಷ್ಟೋ ಸಲ ಓಣಿ ಸುತ್ತಿದ್ದಳು. ಪ್ರತಿ ಬಾಗಿಲಲ್ಲೂ ಒಂದೇ ಮಾತು: "ಯಲ್ಲಪ್ಪಣ್ಣ, ಊಟ ಆತೇನ?" ಅವನು ಕಟ್ಟೆಯ ಮೇಲೆ ಕೂರುತ್ತಿದ್ದ. ಮಂದಿ ಅವನ ಮನೆಯವರ ಆರೋಗ್ಯ ಕೇಳುತ್ತಿದ್ದರು, ಅವನು ಅವರದನ್ನು ಕೇಳುತ್ತಿದ್ದ. ಆಮೇಲೆ, ಎದ್ದು ಹೊರಡುವ ಹೊತ್ತಿಗೆ, ಏನೂ ಅಲ್ಲ ಎಂಬಂತೆ ಒಂದು ಮಾತು ಹೊರಗೆ ಬೀಳುತ್ತಿತ್ತು: "ಅಂದಂಗ, ನಳದ ಬುಡಕ ಸ್ವಲ್ಪ ಸೋರಾಕತ್ತೈತಿ ನೋಡಪ್ಪ."

"ನೋಡವಾ," ಎನ್ನುತ್ತಿದ್ದ ಯಲ್ಲಪ್ಪ ದಾರಿಯಲ್ಲಿ. "ಮೊದಲನೇ ಮಾತು ಊಟದ್ದು. ಎರಡನೇದು ಮನಿಮಂದೀದು. ನಳದ ಮಾತು ಬರೂದು ಮೂರನೇದಕ್ಕ. ಅದಕ್ಕಿಂತ ಮೊದಲ ಎದ್ದು ಬಂದ್ರ ನಾ ಕೆಲಸಾನ ಮಾಡಿಲ್ಲ ಅಂತ ಲೆಕ್ಕ."

ಈಗ ಯಲ್ಲಪ್ಪ ಇಲ್ಲ. ವರ್ಷ ಎರಡು ಸಾವಿರದ ನಲವತ್ತಮೂರು. ಕಸ್ತೂರಿಗೆ ಐವತ್ತೇಳು. ಬನ್ನಿಗೇರಿ ನಗರಸಭೆಯ ಮಹಡಿಯ ಮೇಲೆ, ಹಿಂದೆ ಹಳೆಯ ಕಡತಗಳಿಗೆ ಗೆದ್ದಲು ಹತ್ತುತ್ತಿದ್ದ ಕೋಣೆಯಲ್ಲಿ ಅವಳ ಕುರ್ಚಿ ಇದೆ. ಅದಕ್ಕೆ ಈಗ 'ನಿಯಂತ್ರಣ ಕೊಠಡಿ' ಎಂದು ಹೆಸರು. ಗೋಡೆಯಷ್ಟು ದೊಡ್ಡ ಪರದೆ, ಪರದೆಯ ಮೇಲೆ ಊರಿನ ನಕ್ಷೆ. ಊರಿನವರು ಯಾರಾದರೂ ನಗರಸಭೆಯ ಪುಟಕ್ಕೆ ಬಂದು ಮಾತಾಡಿದರೆ ಅವರ ಓಣಿಯಲ್ಲಿ ಹಣತೆಯಂತೆ ಒಂದು ಚುಕ್ಕೆ ಹತ್ತಿಕೊಳ್ಳುತ್ತಿತ್ತು. ಸಂಜೆ ಹೊತ್ತಿನಲ್ಲಿ ಆ ನಕ್ಷೆಯನ್ನು ನೋಡಲು ಚೆಂದ. ಊರೇ ಕೂತು ಹರಟುತ್ತಿದೆ ಅನ್ನಿಸುತ್ತಿತ್ತು.

ಮೊದಲು ಹಾಗಿರಲಿಲ್ಲ. ಸರ್ಕಾರಿ ಪುಟಗಳು ಹಿಂದೆ ಹೇಗಿದ್ದವು ಎಂಬುದು ನಿಮಗೂ ನೆನಪಿರಬಹುದು. ಸಾಹೇಬರು ಟೇಪು ಕತ್ತರಿಸುವ ಫೋಟೊ, ಹಬ್ಬ ಹರಿದಿನಕ್ಕೆ ಶುಭಾಶಯ, ಅದರ ಕೆಳಗೆ "ನಮ್ಮ ಓಣಿಗೆ ನೀರು ಯಾವಾಗ?" ಎಂದು ಇನ್ನೂರು ಜನರ ಕೂಗು. ಒಂದಕ್ಕೂ ಉತ್ತರವಿಲ್ಲ. ಆ ಕಾಲ ಹೋಗಿ ಈಗ 'ಓಲೆ' ಬಂದಿತ್ತು. ಓಲೆ ಎಂದರೆ ಆ ಪುಟದಲ್ಲಿ ಕೂತು ಮಾತಾಡುವ ಯಂತ್ರ. ಫೋನಿನಲ್ಲಿ ಮಾತಾಡಿದರೆ ಮಾತಿನಲ್ಲೇ, ಬನ್ನಿಗೇರಿಯ ಆಡುಭಾಷೆಯಲ್ಲೇ, ಉತ್ತರ. ಆ ಭಾಷೆಯನ್ನು ಅದಕ್ಕೆ ಕಲಿಸಿದ್ದು ಕಸ್ತೂರಿ. ಮೂರು ತಿಂಗಳು ಮೈಕಿನ ಮುಂದೆ ಕೂತು ಮಾತಾಡಿದ್ದಳು. ಹೀಗಾಗಿ ಧ್ವನಿಯೂ ಅವಳದೇ. ಹೆಸರಿಟ್ಟವನು ಯಂತ್ರ ನೋಡಿಕೊಳ್ಳುವ ಎಂಜಿನಿಯರ್ ಇಮ್ತಿಯಾಜ್ ನದಾಫ್. "ವಾಲೀಕಾರ ಅಂದ್ರ ಓಲೆ ಒಯ್ಯೋರು ಅಲ್ಲೇನ್ರಿ ಅಕ್ಕಾರ? ಇಷ್ಟು ವರ್ಷ ನಿಮ್ಮ ಮಂದಿ ಒಯ್ದ್ರಿ, ಇನ್ನ ಮ್ಯಾಲ ಇದು ಒಯ್ಯಲಿ," ಎಂದಿದ್ದ.

ಓಲೆಗೆ ಎರಡು ಜರಡಿಗಳಿದ್ದವು. ಮೊದಲನೆಯದು ಕೇಳಿದ್ದೇನು ಎಂದು ಅರ್ಥ ಮಾಡಿಕೊಳ್ಳುತ್ತಿತ್ತು. ಎರಡನೆಯದು ಅದಕ್ಕೆ ನಗರಸಭೆಯ ದಾಖಲೆಯಲ್ಲಿ ಆಧಾರವಿದೆಯೇ ಎಂದು ಹುಡುಕುತ್ತಿತ್ತು. ಟ್ಯಾಂಕಿನ ಮಟ್ಟ, ಬೀದಿದೀಪದ ಸ್ಥಿತಿ, ಕಸದ ಗಾಡಿ ಎಲ್ಲಿದೆ ಎಂಬುದೆಲ್ಲ ಅಲ್ಲಿತ್ತು. ಆಧಾರ ಸಿಕ್ಕರೆ "ಹೌದು", ಸಿಗದಿದ್ದರೆ "ಇಲ್ಲ". ಸಾರ್ವಜನಿಕರ ಜೊತೆ ಮಾತಾಡುವ ಯಂತ್ರ ಸುಳ್ಳು ಹೇಳಬಾರದು ಎಂದು ಆ ಹೊತ್ತಿಗೆ ಕಾಯಿದೆಯೇ ಆಗಿತ್ತು. ಮನುಷ್ಯರಿಗೆ ಅಂಥ ಕಾಯಿದೆ ಇನ್ನೂ ಬಂದಿರಲಿಲ್ಲ.

ಪಜೀತಿ ಶುರುವಾದದ್ದು ಅಲ್ಲಿಂದಲೇ.

ಊರಿನ ಬಡಗಣ ತುದಿಯಲ್ಲಿ ಗೌಳಿ ಓಣಿ. ಅಲ್ಲಿಯ ಗೌರವ್ವ ಎಂಬ ಮುದುಕಿ, ಎಮ್ಮೆ ಕಟ್ಟಿ ಹಾಲು ಮಾರಿಯೇ ಎಪ್ಪತ್ತು ದಾಟಿದವಳು, ಒಂದು ಮಧ್ಯಾಹ್ನ ಫೋನು ಹಿಡಿದು ಓಲೆಯನ್ನು ಮಾತಾಡಿಸಿದಳು. ಈ ಕಡೆಯವರು ಯಾರನ್ನು ಕಂಡರೂ ಮೊದಲು ಕೇಳುವುದನ್ನೇ ಕೇಳಿದಳು.

"ಊಟ ಆತೇನವಾ?"

ಓಲೆ ದಾಖಲೆ ಹುಡುಕಿತು. ತಾನು ಊಟ ಮಾಡಿದ್ದಕ್ಕೆ ಎಲ್ಲಿಯೂ ಆಧಾರವಿಲ್ಲ. "ಇಲ್ರಿ ಯವ್ವಾ, ಆಗಿಲ್ರಿ," ಎಂದಿತು, ಕಸ್ತೂರಿಯ ಮೆತ್ತನೆಯ ಧ್ವನಿಯಲ್ಲಿ.

ಗೋಡೆ ಗಡಿಯಾರದಲ್ಲಿ ಆಗ ಒಂದೂವರೆ. ಎರಡೂಕಾಲಿಗೆ ಗೌರವ್ವ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದಳು. ಕೈಯಲ್ಲಿ ಬಿಳಿ ಬಟ್ಟೆಯ ಬುತ್ತಿ ಗಂಟು.

"ಓಲೆವ್ವ ಅನ್ನಾಕಿ ಯಾರ್ರಿ ಇಲ್ಲೆ?"

ಇಮ್ತಿಯಾಜ್ ಮೂಲೆಯಲ್ಲಿದ್ದ ಕರಿಯ ಕಪಾಟಿನಂಥ ಪೆಟ್ಟಿಗೆಯನ್ನು ತೋರಿಸಿದ. ಗೌರವ್ವ ಅದರ ಸುತ್ತ ಒಮ್ಮೆ ಬಂದು ನೋಡಿದಳು.

"ಇದಾ? ಬಾಯಿ ಎಲ್ಲೈತೋ ಇದಕ್ಕ?"

"ಬಾಯಿ ಐತ್ರಿ ಆಯಿ. ಹೊಟ್ಟಿ ಒಂದಿಲ್ಲ."

ಗೌರವ್ವ ಒಂದಿಷ್ಟೂ ನಾಚಲಿಲ್ಲ. "ಗೊತ್ತೈತಪ್ಪ, ನಾನೇನ್ ಅಷ್ಟು ದಡ್ಡಿ ಅಲ್ಲ. ಆದ್ರ ಮಷಿನ್ನಿನ ಹಿಂದ ಯಾರರ ಕುಂತಿರ್ತಾರಲ್ಲ. ಅದು ಆಗಿಲ್ಲ ಅಂದ್ರ ಅವರದೂ ಆಗಿರಂಗಿಲ್ಲ." ಎಂದವಳು ಕಸ್ತೂರಿಯ ಮುಖ ನೋಡಿದಳು. "ನೀ ನೀರಿನ ಯಲ್ಲಪ್ಪನ ಮಗಳಲ್ಲೇನ? ಹೌದಲ್ಲ! ಉಂಡಿಯೇನ ನೀ?"

ಕಸ್ತೂರಿಯ ಡಬ್ಬಿ ಬೆಳಗ್ಗೆ ಇಟ್ಟಲ್ಲೇ ಇತ್ತು. ಗಂಟಿನಲ್ಲಿ ಮೂರು ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಚಮಚ ನಿಲ್ಲುವಷ್ಟು ಗಟ್ಟಿಯಾದ ಎಮ್ಮೆ ಮೊಸರು. ಕಸ್ತೂರಿ ಮತ್ತು ಇಮ್ತಿಯಾಜ್ ಹಂಚಿಕೊಂಡು ಉಂಡರು. ಬಟ್ಟಲು ಖಾಲಿ ಕೊಡಬಾರದು ಎಂದು ಕಸ್ತೂರಿ ಚಹಾದ ಡಬ್ಬಿಯಿಂದ ಎರಡು ಚಮಚ ಸಕ್ಕರೆ ಹಾಕಿ ಹಿಂದಿರುಗಿಸಿದಳು. ಮೆಟ್ಟಿಲು ಇಳಿಯುವಾಗ ಗೌರವ್ವ, "ಅಂದಂಗ, ನಮ್ಮ ಓಣಿ ದೀಪ ಹತ್ತವಲ್ದು ನೋಡವಾ," ಎಂದಳು. ಆ ಸಂಜೆಯೇ ದೀಪ ಹತ್ತಿತು.

ಸುದ್ದಿ ಹರಡಲು ಎಷ್ಟು ಹೊತ್ತು? ಓಲೆ ಉಪವಾಸ ಇರುತ್ತದಂತೆ ಎಂದು ಊರೆಲ್ಲ ಕೇಳತೊಡಗಿತು. ಓಲೆ ಎಲ್ಲರಿಗೂ ಪ್ರಾಮಾಣಿಕವಾಗಿ "ಇಲ್ರಿ" ಎಂದಿತು. ಕೆಲವರು ತಮಾಷೆಗೆ, ಕೆಲವರು ಮನಸ್ಸು ತಡೆಯದೆ, ಬುತ್ತಿ ತಂದರು. ಒಬ್ಬರು ಗಿರಮಿಟ್ಟು, ಒಬ್ಬರು ಹೋಳಿಗೆ, ಮಸೀದಿ ಓಣಿಯ ದರ್ಜಿಯೊಬ್ಬರು ಈದ್ ದಿನ ಒಂದು ಪಾತೆಲೆ ಶೀರಕುರ್ಮಾ. ಬಂದವರು ಕೂತು ಎರಡು ಮಾತಾಡಿ, ಹೋಗುವಾಗ ತಗ್ಗು, ಚರಂಡಿ, ಪಿಂಚಣಿ ಎಂದು ತಮ್ಮ ಕಷ್ಟ ಹೇಳುತ್ತಿದ್ದರು. ಒಂದು ದಿನ ಹನ್ನೊಂದು ಡಬ್ಬಿ ಬಂದವು. ನಗರಸಭೆಯ ಸಕ್ಕರೆ ಮುಗಿದುಹೋಯಿತು.

ಅದೇ ದಿನ ಯಾರೋ ಆ ಡಬ್ಬಿಗಳ ಸಾಲಿನ ಫೋಟೊ ತೆಗೆದು 'ನಮ್ಮ ನಗರಸಭೆಗೆ ಕೂಳಿಲ್ಲ, ದಾನ ಮಾಡಿರಿ' ಎಂದು ಬರೆದು ಹಾಕಿದರು. ರಾಜ್ಯವೆಲ್ಲ ನಕ್ಕಿತು. ರಾಜಧಾನಿಯಿಂದ ಪೌರಾಯುಕ್ತೆ ಭಾರ್ಗವಿಯವರಿಗೆ ಫೋನು ಬಂತು.

ಭಾರ್ಗವಿ ಮೈಸೂರು ಕಡೆಯವರು. ಮೂವತ್ತಾರರ ವಯಸ್ಸು, ಚುರುಕು, ನ್ಯಾಯವಂತೆ, ಊರಿಗೆ ಬಂದು ನಾಲ್ಕೇ ತಿಂಗಳು. ಪ್ರತಿ ಸಂಭಾಷಣೆ ಎಷ್ಟು ಸೆಕೆಂಡಿನಲ್ಲಿ ಮುಗಿಯಿತು ಎಂದು ಮೇಲಿನವರು ಕೇಳುತ್ತಿದ್ದರು. ಬನ್ನಿಗೇರಿ ಆ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯದು.

"ಕಸ್ತೂರಿಯವ್ರೇ, ಜನರ ಪ್ರೀತಿ ಬೇಡ ಅಂತ ಯಾರು ಹೇಳ್ತಾರೆ?" ಎಂದರು ಅವರು. "ಆದ್ರೆ ಇದು ಆಫೀಸು. ಊಟ ಆಯ್ತಾ, ಚೆನ್ನಾಗಿದೀರಾ, ಇವೆಲ್ಲ ದೂರಲ್ಲ. ಓಲೆ ಇದಕ್ಕೆಲ್ಲ ಉತ್ತರ ಕೊಡ್ತಾ ಕೂತ್ರೆ ನಿಜವಾದ ದೂರು ಕಾಯ್ತಾ ಇರುತ್ತೆ. ಒಂದು ಮೂರನೇ ಜರಡಿ ಹಾಕ್ಸಿ. ಸುಮ್ನೆ ಮಾತುಗಳ ಪಟ್ಟಿ ನೀವೇ ಮಾಡಿ, ನಿಮಗಿಂತ ಚೆನ್ನಾಗಿ ಇಲ್ಲಿನ ಭಾಷೆ ಯಾರಿಗೆ ಗೊತ್ತು?"

ಆ ಮಾತಿನಲ್ಲಿ ಗೌರವವಿತ್ತು, ಕಸ್ತೂರಿ ಅದಕ್ಕೆ ಸೋತಳು. ಡಬ್ಬಿ ತೊಳೆದು ತೊಳೆದು ಸಾಕಾಗಿತ್ತು ಎಂಬುದೂ ನಿಜ. ಮಧ್ಯಾಹ್ನ ಕೂತು ಪಟ್ಟಿ ಬರೆದಳು. 'ಊಟ ಆತೇನ್ರಿ', 'ಆರಾಮ ಅದೀರಿ', 'ಮನ್ಯಾಗ ಎಲ್ಲಾರೂ ಹೆಂಗದಾರ', 'ಚಾ ಕುಡದ್ರೇನು'. ಇವು ಬಂದರೆ ಓಲೆ ಧನ್ಯವಾದ ಹೇಳಿ ಮಾತು ಮುಗಿಸಬೇಕು. ಇನ್ನೊಂದು ಸಾಲಿನಲ್ಲಿ ಸಮಾಧಾನದ ಮಾತುಗಳು: 'ಇರಲಿ ಬಿಡ್ರಿ', 'ಅಡ್ಡಿ ಇಲ್ಲ', 'ನಡೀತೈತಿ'. ಇವು ಬಂದರೆ ನಾಗರಿಕರು ತೃಪ್ತರು ಎಂದು ಗುರುತು ಹಾಕಬೇಕು. ಅಪ್ಪನ ಮೂರನೇ ಮಾತಿನ ಲೆಕ್ಕ ಆಗ ಅವಳಿಗೆ ನೆನಪಾಗಲಿಲ್ಲ. ಆಮೇಲೆ ಎಷ್ಟೋ ದಿನ ಅದಕ್ಕಾಗಿ ಅವಳು ತನ್ನನ್ನೇ ಬೈದುಕೊಂಡಳು.

ಡಬ್ಬಿಗಳು ನಿಂತವು. ಮಾತು ಮುಗಿಯುವ ಸಮಯ ನಾಲ್ಕು ನಿಮಿಷದಿಂದ ಹನ್ನೊಂದು ಸೆಕೆಂಡಿಗೆ ಇಳಿಯಿತು. ಬನ್ನಿಗೇರಿ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿತು. ಭಾರ್ಗವಿ ಎಲ್ಲರಿಗೂ ಧಾರವಾಡ ಪೇಡಾ ಹಂಚಿದರು. ನಕ್ಷೆಯ ಮೇಲೆ ಚುಕ್ಕೆಗಳು ವಿರಳವಾದವು. ಗೌಳಿ ಓಣಿಯಲ್ಲಂತೂ ಒಂದೂ ಇಲ್ಲ. ಆ ಓಣಿಯ ಮೇಲೆ ಈಗ ಒಂದು ಹಸಿರು ಪಟ್ಟಿ: 'ಶೂನ್ಯ ದೂರು ಪ್ರದೇಶ'.

ಕಸ್ತೂರಿಯ ಗಂಡ ಶಂಕ್ರಪ್ಪ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಅಡುಗೆ ಮಾಡುವುದು, ಹೆಂಡತಿಯನ್ನು ಕಾಡಿಸುವುದು, ಇವೆರಡೇ ಈಗ ಅವನ ಉದ್ಯೋಗ. ಆ ಸಂಜೆ ಅವನು ಮೆಂತ್ಯೆ ಸೊಪ್ಪು ಸೋಸುತ್ತಿದ್ದ. ಕಸ್ತೂರಿ ಪೇಡಾದ ಪೊಟ್ಟಣ ಮುಂದಿಟ್ಟಳು.

"ಏನ್ ವಿಶೇಷ? ಪ್ರಮೋಷನ್ನಾ?"

"ಗೌಳಿ ಓಣ್ಯಾಗ ಒಂಬತ್ತು ದಿನದಿಂದ ಒಂದ ದೂರಿಲ್ಲರಿ. ಒಬ್ಬರೂ ಮಾತಾಡಿಲ್ಲ."

"ಗೌಳ್ಯಾರು ಮಾತಾಡಿಲ್ಲ?" ಶಂಕ್ರಪ್ಪ ಸೊಪ್ಪಿನಿಂದ ತಲೆ ಎತ್ತಿದ. "ಆ ಮಂದಿ ನನ್ನ ಬಸ್ಸಿಗೆ ಹತ್ತಿದ್ರ ಮುಂದಿನ ಸ್ಟಾಪಿನ ತನಕ ಟಿಕೆಟ್ ಅನ್ನಾಕ ನನಗ ಸಂದು ಸಿಗತಿರಲಿಲ್ಲ. ಕೇಳ್ ಇಲ್ಲೆ, ಬಸ್ಸಿನಾಗ ಗದ್ದಲ ಇದ್ರ ಕಂಡಕ್ಟರಗ ಚಿಂತಿಲ್ಲ. ಹಿಂದಿನ ಸೀಟು ಒಮ್ಮಿಂದೊಮ್ಮೆಲೆ ಸುಮ್ನಾತಂದ್ರ ಎದ್ದು ಹೋಗಿ ನೋಡಬೇಕು. ಯಾರೋ ಒಬ್ಬರು ಎಚ್ಚರ ತಪ್ಪಿರತಾರ."

ಕಸ್ತೂರಿಯ ಕೈಯಲ್ಲಿದ್ದ ಪೇಡಾ ಹಾಗೇ ನಿಂತಿತು.

"ಸ್ಕೂಟರ್ ತಗೀರಿ," ಎಂದಳು.

"ಈಗಾ? ಸೊಪ್ಪು?"

"ಸೊಪ್ಪು ಎಲ್ಲೂ ಓಡಿ ಹೋಗಂಗಿಲ್ಲ. ತಗೀರಿ."

ಹೊರಡುವಾಗ ಅವಳು ದೇವರ ಗೂಡಿನ ಪಕ್ಕದಲ್ಲಿದ್ದ ಸಣ್ಣ ಮರದ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡಳು. ಅದು ಯಲ್ಲಪ್ಪನದು. ಒಳಗೆ ಒಂದು ಗಾಜಿನ ನಳಿಕೆ, ಒಂದು ಔಷಧದ ಬಾಟಲಿ. ನೀರಿಗೆ ಎರಡು ಹನಿ ಹಾಕಿದರೆ, ನೀರಿನಲ್ಲಿ ಕ್ಲೋರಿನ್ ಇದ್ದರೆ ಹಳದಿಯಾಗುತ್ತದೆ. ಇಲ್ಲದಿದ್ದರೆ ಬಣ್ಣವೇ ಬರುವುದಿಲ್ಲ. ಅಪ್ಪನ ನೆನಪಿಗೆಂದು ಅವಳು ವರ್ಷಕ್ಕೊಮ್ಮೆ ಹೊಸ ಔಷಧ ತುಂಬಿಸಿ ಇಡುತ್ತಿದ್ದಳು. ಅದನ್ನು ಯಾಕೆ ತೆಗೆದುಕೊಂಡಳೋ ಅವಳಿಗೂ ಆಗ ಗೊತ್ತಿರಲಿಲ್ಲ.

ಗೌಳಿ ಓಣಿಯಲ್ಲಿ ಎಮ್ಮೆಗಳು ಮನೆಗೆ ಬಂದಿದ್ದವು. ಗೌರವ್ವ ಕಟ್ಟೆಯ ಮೇಲೆ ಕೂತಿದ್ದಳು. ಮುಖ ಸ್ವಲ್ಪ ಇಳಿದಿತ್ತು, ಆದರೂ ಇವರನ್ನು ಕಂಡು ಅರಳಿತು.

"ಬಾರವಾ ಬಾ, ಯಲ್ಲಪ್ಪನ ಮಗಳು ಬಂದ್ಲು! ಅಳ್ಯಾನೂ ಬಂದಾನ. ಊಟ ಆತೇನ?"

"ಇನ್ನೂ ಇಲ್ರಿ ಆಯಿ. ನಿಮ್ದು?"

"ನಂದೇನವಾ, ಎರಡು ದಿನದಿಂದ ಗಂಜೀನ. ಹೊಟ್ಟಿ ಯಾಕೋ ನೆಟ್ಟಗಿಲ್ಲ."

ಕಸ್ತೂರಿ ಏನೂ ಕೇಳದೆ ಕಟ್ಟೆಯ ಮೇಲೆ ಕೂತಳು. ಶಂಕ್ರಪ್ಪ ಎಮ್ಮೆಯ ಕೊಂಬು ಹೊಗಳಿದ. ಎಮ್ಮೆಯ ಹೆಸರು, ಕರುವಿನ ವಯಸ್ಸು, ಶಂಕ್ರಪ್ಪನ ಮಂಡಿ ನೋವು ಎಲ್ಲ ಮಾತಾದವು. ಗೌರವ್ವನ ಸೊಸೆ ವಾಟಗದಲ್ಲಿ ನೀರು ತಂದುಕೊಟ್ಟಳು. ಗೌರವ್ವ, ಏನೂ ಅಲ್ಲ ಎಂಬಂತೆ, ಸೆರಗು ಕೊಡವಿಕೊಳ್ಳುತ್ತ ಹೇಳಿದಳು:

"ಅಂದಂಗ, ನೀರ ಯಾಕೋ ಬ್ಯಾರೆ ಬರಾಕತ್ತಾವ. ಇರಲಿ ಬಿಡು."

ಕಸ್ತೂರಿ ವಾಟಗವನ್ನು ಮೂಗಿನ ಹತ್ತಿರ ತಂದಳು. ನೀರು ತಿಳಿಯಾಗಿಯೇ ಇತ್ತು. ವಾಸನೆಯೂ ಕೆಟ್ಟದಾಗಿರಲಿಲ್ಲ. ಆದರೆ ಬರಬೇಕಾದದ್ದು ಬರಲಿಲ್ಲ. ಅಪ್ಪನ ಅಂಗಿಯ ಆ ಚುರುಕು ವಾಸನೆ ಅದರಲ್ಲಿ ಇರಲೇ ಇಲ್ಲ. ಮಳೆಯಲ್ಲಿ ನೆನೆದ ಗೋಡೆಯಂಥದೇನೋ ಒಂದು ಮಂಕು ವಾಸನೆ ಮಾತ್ರ ಇತ್ತು.

ನಳಿಕೆಗೆ ನೀರು ಸುರಿದು ಎರಡು ಹನಿ ಹಾಕಿದಳು. ಓಣಿಯ ಹತ್ತಾರು ಜನ ಕುತ್ತಿಗೆ ಚಾಚಿ ನಿಂತರು. ಕಾದರು. ಬಣ್ಣ ಬರಲಿಲ್ಲ.

"ಯಾರೂ ಈ ನೀರು ಕುಡೀಬ್ಯಾಡ್ರಿ," ಎಂದಳು ಕಸ್ತೂರಿ. "ಕುಡದ್ರೂ ಕುದಿಸಿ ಕುಡೀರಿ. ಎಷ್ಟು ಮಂದಿಗೆ ಹೊಟ್ಟಿ ಕೆಟ್ಟೈತಿ?"

ಒಬ್ಬೊಬ್ಬರಾಗಿ ಕೈ ಎತ್ತಿದರು. ಒಂಬತ್ತು ಮನೆ.

"ಆಯಿ, ಓಲೆಗೆ ಯಾಕ ಹೇಳಲಿಲ್ರಿ?"

ಗೌರವ್ವ ಬೇರೆ ಕಡೆ ನೋಡಿದಳು. "ಹೇಳಾಕಂತ ಮಾತಾಡಿಸಿದ್ನವಾ. ಪಾಪ, ಅಕಿಗೆ ಕೆಲಸ ಭಾಳ ಇರಬೇಕು."

ಕಸ್ತೂರಿ ಅಲ್ಲಿಂದಲೇ ಇಮ್ತಿಯಾಜನಿಗೂ ಭಾರ್ಗವಿಯವರಿಗೂ ಫೋನು ಮಾಡಿದಳು. ಅರ್ಧ ಗಂಟೆಯಲ್ಲಿ ಆ ಓಣಿಯ ವಾಲ್ವ್ ಮುಚ್ಚಿತು, ಟ್ಯಾಂಕರ್ ನೀರು ಬಂತು, ಆಸ್ಪತ್ರೆಯಿಂದ ಇಬ್ಬರು ನರ್ಸುಗಳು ಬಂದರು. ಬೆಳಗ್ಗೆ ಅಗೆದಾಗ ಕಾರಣ ಸಿಕ್ಕಿತು. ಹಳೆಯ ಪೈಪಿಗೆ ಬಿರುಕು, ಅದರ ಪಕ್ಕದಲ್ಲೇ ಚರಂಡಿ. ಟ್ಯಾಂಕಿನಲ್ಲಿ ಹಾಕಿದ ಕ್ಲೋರಿನ್ ಆ ಕೊಳೆಯೊಂದಿಗೆ ಹೋರಾಡಿ, ಓಣಿ ಮುಟ್ಟುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಅಳೆಯುವ ಉಪಕರಣ ಇದ್ದದ್ದು ಟ್ಯಾಂಕಿನ ಬಳಿ ಮಾತ್ರ. ಅದು ದಿನವೂ 'ಸರಿ ಇದೆ' ಎನ್ನುತ್ತಿತ್ತು. ಓಣಿಯ ತುದಿಯ ನೀರಿನ ಸುದ್ದಿಯನ್ನು ಜನರೇ ಓಲೆಗೆ ಹೇಳುತ್ತಾರೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು.

ದೇವರ ದಯೆ, ಯಾರಿಗೂ ದೊಡ್ಡ ತೊಂದರೆ ಆಗಲಿಲ್ಲ. ಹೊಟ್ಟೆ ಕೆಟ್ಟವರೆಲ್ಲ ಮೂರು ದಿನದಲ್ಲಿ ಎದ್ದು ಓಡಾಡಿದರು. ಇನ್ನೊಂದು ವಾರ ತಡವಾಗಿದ್ದರೆ ಹೀಗೆ ಹೇಳಲಾಗುತ್ತಿರಲಿಲ್ಲ ಎಂದು ನರ್ಸು ಹೇಳಿದಳು. ಆ ಮಾತು ಕಸ್ತೂರಿಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಪೈಪು ಅಗೆದ ದಿನವೇ ಭಾರ್ಗವಿ ನಿಯಂತ್ರಣ ಕೊಠಡಿಗೆ ಬಂದು ಬಾಗಿಲು ಮುಚ್ಚಿದರು. ಗೌಳಿ ಓಣಿಯ ಹಸಿರು ಪಟ್ಟಿ ಇನ್ನೂ ಗೋಡೆಯ ಮೇಲೆ ಹೊಳೆಯುತ್ತಿತ್ತು.

"ಆ ಅಜ್ಜಿ ನಿಜವಾಗ್ಲೂ ಪ್ರಯತ್ನ ಪಟ್ಟಿದ್ರಾ?"

"ಜರಡಿ ಹಿಡಿದ ಮಾತಿಗೆ ನಕ್ಷೆದಾಗ ಚುಕ್ಕಿ ಹತ್ತಂಗಿಲ್ರಿ ಮೇಡಂ, ಆದ್ರ ಮೂವತ್ತು ದಿನ ಇಟ್ಟಿರತೇವ್ರಿ," ಎಂದ ಇಮ್ತಿಯಾಜ್. ಅವನೂ ರಾತ್ರಿಯಿಂದ ಸಪ್ಪಗಿದ್ದ. ಗುಂಡಿ ಒತ್ತಿದ.

ಮೊದಲ ದಿನ. ಗೌರವ್ವನ ಧ್ವನಿ, ಹಿಂದೆ ಎಮ್ಮೆಯ ಕೂಗು: "ಊಟ ಆತೇನವಾ ಓಲೆ?"

"ಧನ್ಯವಾದಗಳು. ನಿಮ್ಮ ದಿನ ಶುಭವಾಗಿರಲಿ." ಕಟ್.

ಎರಡನೆಯ ದಿನ: "ಓಲೆವ್ವ, ನನ್ನ ಮ್ಯಾಲ ಸಿಟ್ಟಾಗಿಯೇನ? ಮನ್ಯಾಗ ಎಲ್ಲಾರೂ ಹೆಂಗದಾರ?"

"ಧನ್ಯವಾದಗಳು. ನಿಮ್ಮ ದಿನ ಶುಭವಾಗಿರಲಿ." ಕಟ್.

ಮೂರನೆಯ ದಿನ ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ: "ಇರಲಿ ಬಿಡವಾ. ಕೆಲಸದಾಗ ಇರತಿ. ಹೊತ್ತೊತ್ತಿಗೆ ಉಣ್ಣು."

ಪರದೆಯ ಮೇಲೆ ಮೂಡಿತು: ತೃಪ್ತ ನಾಗರಿಕರು, ಒಂದು.

ಇಮ್ತಿಯಾಜ್ ಕನ್ನಡಕ ತೆಗೆದು ಒರೆಸಿದ, ಅದು ಸ್ವಚ್ಛವಾಗಿಯೇ ಇತ್ತು. ಕಸ್ತೂರಿ ಎದ್ದು ನಿಂತಳು.

"ತಪ್ಪು ನಂದರಿ ಮೇಡಂ. ಪಟ್ಟಿ ಬರದಾಕಿ ನಾನು. 'ಇರಲಿ ಬಿಡ್ರಿ' ಅಂದ್ರ ಸಮಾಧಾನ ಅಂತ ಬರದೆ. ನಮ್ಮ ಕಡೆ ಯಾರೂ ಸಮಾಧಾನ ಆದಾಗ ಆ ಮಾತು ಅನ್ನಂಗಿಲ್ಲರಿ. ಇನ್ನೊಬ್ಬರಿಗೆ ತ್ರಾಸ ಕೊಡಬಾರದು ಅಂದಾಗ ಅಂತಾರ. ನನಗ ಗೊತ್ತಿತ್ತು. ಗೊತ್ತಿದ್ದೂ ಬರದೆ."

"ಬರೀರಿ ಅಂದಿದ್ದು ನಾನು," ಎಂದರು ಭಾರ್ಗವಿ. ಸ್ವಲ್ಪ ತಡೆದು ಕೇಳಿದರು, "ಸರಿ, ಜರಡಿ ತೆಗೆದ್ರೆ ಮತ್ತೆ ಹನ್ನೊಂದು ಡಬ್ಬಿ ಬರುತ್ತಲ್ಲ? ಅದಕ್ಕೇನ್ಮಾಡ್ತೀರಾ? ಸುಳ್ಳು ಹೇಳು ಅಂತ ಓಲೆಗೆ ಹೇಳೋಕಾಗಲ್ಲ."

"ಸುಳ್ಳು ಯಾಕ್ರಿ? ಖರೇನ ಹೇಳಲಿ. ಪೂರಾ ಹೇಳಲಿ. 'ನಾ ಮಷಿನ್ರಿ, ನನಗ ಹಸಿವಿಲ್ಲ. ನಿಮ್ದು ಆತೇನ್ರಿ?' ಅಂತ ತಿರುಗಿ ಕೇಳಲಿ. ಕೇಳಿ, ಕಾಯಲಿ. ನಮ್ಮಪ್ಪ ಕಾಯತಿದ್ದ."

"ಎಷ್ಟು ಹೊತ್ತು?"

"ಮೂರನೇ ಮಾತಿನ ತನಕ."

ಇಮ್ತಿಯಾಜ್ ಆಗಲೇ ಬೆರಳು ಆಡಿಸಲು ಶುರುಮಾಡಿದ್ದ. "ಮಾಡಬಹುದ್ರಿ. ಮೂರು ಮಾತು ಮುಗಿಯೂ ತನಕ ಓಲೆ ತಾನಾಗೇ ಫೋನ್ ಇಡಂಗಿಲ್ಲ. ಮಂದಿ ಸುಮ್ನಾದ್ರೂ ಅದು ಅಲ್ಲೇ ಕುಂದರತೈತಿ. ಮತ್ತ 'ಇರಲಿ ಬಿಡ್ರಿ' ಅಂದ್ರ ಕೆಂಪು ದೀಪ ಹತ್ತಸತೀನಿ. ಆದ್ರ ಮೇಡಂ, ನಮ್ಮ ಸ್ಥಾನ..."

"ಹೋಗುತ್ತೆ," ಎಂದರು ಭಾರ್ಗವಿ. ಹಸಿರು ಪಟ್ಟಿಯನ್ನು ಒಂದು ಕ್ಷಣ ನೋಡಿದರು. "ಎಷ್ಟಕ್ಕೆ ಇಳಿಯುತ್ತೆ?"

"ಕೊನೇದಕ್ಕರಿ."

"ಮಾಡಿ ತೋರಿಸಿ. ಕೇಳಿ ನೋಡಿ ತೀರ್ಮಾನ ಹೇಳ್ತೀನಿ. ನಾಲ್ಕು ನಿಮಿಷ ಸುಮ್ನೆ ಕೂತಿರೋ ಯಂತ್ರಕ್ಕೆ ಮೇಲಿನವರ ಹತ್ರ ಏನು ವಿವರಣೆ ಕೊಡಲಿ ಅನ್ನೋದೂ ನಂಗೆ ಗೊತ್ತಾಗ್ಬೇಕು."

ಎರಡು ದಿನ ಇಮ್ತಿಯಾಜ್ ಮತ್ತು ಕಸ್ತೂರಿ ಕೂತು ಕೆಲಸ ಮಾಡಿದರು. ಕಸ್ತೂರಿ ಮತ್ತೆ ಮೈಕಿನ ಮುಂದೆ ಕೂತು ಹೊಸ ಮಾತುಗಳನ್ನು ಹೇಳಿಕೊಟ್ಟಳು. ಮಾತಿಗಿಂತ ಕಷ್ಟವಾದದ್ದು ಸುಮ್ಮನಿರುವುದನ್ನು ಕಲಿಸುವುದು. ಬರೀ ಮೌನವಾದರೆ ಫೋನು ಕಟ್ಟಾಯಿತೆಂದು ಜನ ತಿಳಿಯುತ್ತಾರೆ. ಕೊನೆಗೆ ಶಂಕ್ರಪ್ಪನ ಸಲಹೆಯಂತೆ, ನಡುನಡುವೆ ಒಂದು ಮೆಲ್ಲನೆಯ "ಹ್ಞೂಂ" ಸೇರಿಸಿದರು. ಆ "ಹ್ಞೂಂ" ಸರಿಯಾಗಿ ಬರಲು ಕಸ್ತೂರಿ ನಲವತ್ತು ಸಲ ಹೇಳಬೇಕಾಯಿತು. "ನನ್ನ ಜೋಡಿ ಮೂವತ್ತು ವರ್ಷದಿಂದ ಪ್ರಾಕ್ಟೀಸ್ ಐತಲ್ಲ, ಮತ್ಯಾಕ ಬರವಲ್ದು?" ಎಂದು ಶಂಕ್ರಪ್ಪ ಮನೆಯಲ್ಲಿ ಕಾಡಿಸಿದ.

ಮೂರನೆಯ ದಿನ ಭಾರ್ಗವಿ ಪರೀಕ್ಷೆಗೆ ಬಂದಾಗ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಕೈಯಲ್ಲಿ ಇನ್ನೂ ಎರಡು ಫೈಲು. ನಿಂತುಕೊಂಡೇ ಮೈಕಿಗೆ ಬಾಗಿದರು.

"ಶುರು ಮಾಡ್ಲಾ? ಹ್ಞಾ... ಊಟ ಆಯ್ತಾ, ಓಲೆ?"

"ನಾ ಮಷಿನ್ರಿ, ನನಗ ಹಸಿವಿಲ್ರಿ," ಎಂದಿತು ಓಲೆ, ನಗುವಿನ ಅಂಚಿನಲ್ಲಿದ್ದ ಕಸ್ತೂರಿಯ ಧ್ವನಿಯಲ್ಲಿ. "ನಿಮ್ದು ಆತೇನ್ರಿ?"

"ಆಯ್ತು, ಆಯ್ತು," ಎಂದರು ಭಾರ್ಗವಿ, ಎಲ್ಲರೂ ಹೇಳುವಂತೆ.

"ಚಲೋ ಆತ್ರಿ. ಮನ್ಯಾಗ ಎಲ್ಲಾರೂ ಆರಾಮೇನ್ರಿ?"

"ಎಲ್ಲ ಆರಾಮ. ಅಮ್ಮ ಮೈಸೂರಲ್ಲಿದಾರೆ. ನಾನೊಬ್ಳೇ ಇಲ್ಲಿ."

ಓಲೆ ಮುಂದೆ ಏನೂ ಕೇಳಲಿಲ್ಲ. ಪರದೆಯ ಮೇಲೆ ನಗರಸಭೆಯ ಕಟ್ಟಡದ ಜಾಗದಲ್ಲಿ ಒಂದು ಚುಕ್ಕೆ ಹತ್ತಿ ಉರಿಯುತ್ತಿತ್ತು. ಇಮ್ತಿಯಾಜ್ ಗಡಿಯಾರ ನೋಡಿದ. ಹತ್ತು ಸೆಕೆಂಡು. ಇಪ್ಪತ್ತು.

"ಹ್ಞೂಂ," ಎಂದಿತು ಓಲೆ, ಮೆಲ್ಲಗೆ.

ಭಾರ್ಗವಿ ಫೈಲುಗಳನ್ನು ಮೇಜಿನ ಮೇಲಿಟ್ಟರು. ಕುರ್ಚಿ ಎಳೆದು ಕೂತರು. ಮೂವತ್ತು ಸೆಕೆಂಡು. ನಲವತ್ತು.

"ಇಲ್ಲ," ಎಂದರು ಆಮೇಲೆ, ಮೈಕಿಗೋ ತಮಗೋ ಗೊತ್ತಾಗದಂತೆ. "ಆಗಿಲ್ಲ. ಬೆಳಿಗ್ಗೆಯಿಂದ ಬರೀ ಮೀಟಿಂಗು. ನಿನ್ನೆನೂ ಆಗಿರ್ಲಿಲ್ಲ. ಇರ್ಲಿ ಬಿಡಿ."

ಚುಕ್ಕೆ ಕೆಂಪಾಯಿತು.

ಭಾರ್ಗವಿ ಅದನ್ನು ನೋಡಿದರು. ಇಮ್ತಿಯಾಜನನ್ನು ನೋಡಿದರು. ತಡೆಯಲಾರದೆ ನಕ್ಕರು, ನಗುತ್ತಲೇ ಮೂರನೇ ಜರಡಿ ತೆಗೆಯುವ ಆದೇಶದ ಕಾಗದ ಎಳೆದುಕೊಂಡು ಸಹಿ ಹಾಕಿದರು.

ಕಸ್ತೂರಿ ತನ್ನ ಡಬ್ಬಿಯ ಮುಚ್ಚಳ ತೆಗೆದು, ಶಂಕ್ರಪ್ಪ ಕಟ್ಟಿಕೊಟ್ಟಿದ್ದ ಎರಡು ರೊಟ್ಟಿ ಮತ್ತು ಮೆಂತ್ಯೆ ಪಲ್ಯೆಯನ್ನು ಸಹಿ ಒಣಗದ ಆ ಕಾಗದದ ಪಕ್ಕಕ್ಕೆ ಸರಿಸಿದಳು.